ನಾಯಿ ಕಚ್ಚಿದ ಮೇಲೆ ನಗರಸಭೆಗೆ ದೂರು: ನಾನು ಕಂಡ ಸೇವೆ

ಒಂದೂವರೆ ತಿಂಗಳ ಹಿಂದೆ, ಬೆಳಗ್ಗೆ ಹಾಲು ತರಲು ಹೋಗಿದ್ದ ನಮ್ಮ ತಾಯಿಯವರ ಮೀನಖಂಡಕ್ಕೆ ಬೀದಿನಾಯಿಯೊಂದು ಬಾಯಿ ಹಾಕಿತು. ಹಲ್ಲು ನಾಟಿದ ಎರಡು ಕಡೆ ರಕ್ತ ಜಿನುಗುತ್ತಿತ್ತು. ನಲ್ಲಿಯ ಕೆಳಗೆ ಕಾಲಿಡಿಸಿ, ಸೋಪು ಹಚ್ಚಿ, 15 ನಿಮಿಷ ಬಿಡದೆ ತೊಳೆದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಆಸ್ಪತ್ರೆಯವರಿಗೆ ನಾನು ಋಣಿ. ಅವರು ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಾಣುವನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಟ್ಟು, ಎರಡೂ ತೋಳಿಗೆ ರೇಬೀಸ್ ಲಸಿಕೆ ಹಾಕಿ, 3, 7 ಮತ್ತು 28ನೇ ದಿನಗಳ ತಾರೀಖುಗಳನ್ನು ಚೀಟಿಯ ಹಿಂದೆ ಬರೆದುಕೊಟ್ಟರು. ಒಂದು ರೂಪಾಯಿಯನ್ನೂ ಕೇಳಲಿಲ್ಲ.

ತೊಂದರೆಯಾದದ್ದು ನಗರಸಭೆಯಲ್ಲಿ. ಸಹಾಯವಾಣಿಗೆ ಕರೆ ಮಾಡಿದಾಗ ವಾರ್ಡು, ಬೀದಿ, ಮೊಬೈಲ್ ಸಂಖ್ಯೆಗಳನ್ನು ಸಾವಧಾನವಾಗಿಯೇ ಬರೆದುಕೊಂಡರು. ಆದರೆ ನಾಯಿ ಯಾವ ಬಣ್ಣದ್ದು, ಸಂತಾನಹರಣ ಚಿಕಿತ್ಸೆ ಆಗಿದೆಯೆಂದು ತೋರಿಸಲು ಕಿವಿ ಕತ್ತರಿಸಿದ ಗುರುತಿದೆಯೇ, ಬೇರೆ ಯಾರಿಗಾದರೂ ಕಚ್ಚಿದೆಯೇ ಎಂದು ಒಂದು ಮಾತೂ ಕೇಳಲಿಲ್ಲ. ಮೂರನೆಯ ದಿನ ದೂರು ವಿಲೇವಾರಿಯಾಗಿದೆ ಎಂಬ ಸಂದೇಶ ಬಂತು. ನಮ್ಮ ಬೀದಿಗಂತೂ ಯಾರೂ ಬಂದಿರಲಿಲ್ಲ. ತಾಯಿಯವರನ್ನು ಎರಡನೆಯ ಚುಚ್ಚುಮದ್ದಿಗೆ ಕರೆದುಕೊಂಡು ಹೊರಟಾಗ ಅದೇ ನಾಯಿ ಟ್ರಾನ್ಸ್‌ಫಾರ್ಮರ್ ಕಟ್ಟೆಯ ನೆರಳಲ್ಲಿ ಮಲಗಿತ್ತು, ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ಮರುದಿನ ಪೌರಾಯುಕ್ತರ ಹೆಸರಿಗೆ ಅರ್ಜಿ ಬರೆದು, ಆಸ್ಪತ್ರೆಯ ಚೀಟಿಯ ಜೆರಾಕ್ಸ್ ಮತ್ತು ನಾಯಿಯ ಫೋಟೋ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಕೆಲಸ ನಡೆದದ್ದು ಆ ಮೊಹರಿನಿಂದಲೇ ಎಂದು ನನಗೆ ಖಚಿತವಾಗಿದೆ. ಆರೋಗ್ಯ ನಿರೀಕ್ಷಕರು ಸಂಜೆಯೇ ಕರೆ ಮಾಡಿದರು, ಮಾರನೆಯ ಬೆಳಗ್ಗೆ ಬಲೆಯೊಂದಿಗೆ ವಾಹನ ಬಂತು. ನಾಯಿಯನ್ನು ಊರಾಚೆ ಬಿಟ್ಟುಬನ್ನಿ ಎಂದು ನೆರೆಯವರು ಕೇಳಿದಾಗ ನಿರೀಕ್ಷಕರು ಬೇಸರಿಸದೆ ವಿವರಿಸಿದರು: 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಮುಗಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ಶಂಕೆಯಿದ್ದರೆ ಪ್ರತ್ಯೇಕವಾಗಿ ಇರಿಸಿಕೊಳ್ಳುತ್ತಾರೆ. ನಮ್ಮ ಬೀದಿಯ ನಾಯಿಯನ್ನು ಮೊದಲು ನಿಗಾದಲ್ಲಿ ಇಡುವುದಾಗಿಯೂ ಹೇಳಿದರು. ಕಚ್ಚಿದ ದಿನದಿಂದ 10 ದಿನ ನಾಯಿ ಆರೋಗ್ಯವಾಗಿ ಉಳಿದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ತಿಳಿಯಬಹುದು. ಅಂಥ 10 ದಿನಗಳಲ್ಲಿ ನಾಲ್ಕು ದಿನ ವಿಲೇವಾರಿಯಾಗದ ದೂರಿನಲ್ಲೇ ಕಳೆದುಹೋಗಿದ್ದವು.

ಬಲೆ ಹಾಕಿದ ಸಿಬ್ಬಂದಿಯ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ. ನಾಯಿಗೆ ಒಂದು ಏಟೂ ಬೀಳಲಿಲ್ಲ. ದೂರು ಸ್ವೀಕರಿಸುವ ವ್ಯವಸ್ಥೆಗೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಕೊಡಲಾರೆ. ಆಸ್ಪತ್ರೆಯ ದಾಖಲೆಯಲ್ಲಿ ಕಚ್ಚಿಸಿಕೊಂಡವರ ವಿಳಾಸವಿರುತ್ತದೆ, ನಗರಸಭೆಯ ಬಳಿ ನಾಯಿ ಹಿಡಿಯುವ ವಾಹನವಿರುತ್ತದೆ, ಆದರೆ ಒಂದರ ಮಾಹಿತಿ ಇನ್ನೊಂದಕ್ಕೆ ತಲುಪಿಸಲು ಗಾಯಾಳುವಿನ ಮನೆಯವರೇ ಅಲೆಯಬೇಕು. ದೂರಿನ ನಮೂನೆಯಲ್ಲಿ ನಾಯಿಯ ಗುರುತಿಗೂ ಆಸ್ಪತ್ರೆಯ ಚೀಟಿಯ ಸಂಖ್ಯೆಗೂ ಒಂದೊಂದು ಕಾಲಂ ಸೇರಿಸಬೇಕೆಂದು ಎರಡನೆಯ ಅರ್ಜಿ ಕೊಟ್ಟಿದ್ದೇನೆ. ಅದರ ಪ್ರತಿಗೂ ಮೊಹರು ಬಿದ್ದಿದೆ, ಉತ್ತರ ಇನ್ನೂ ಬಂದಿಲ್ಲ. ಆ ನಾಯಿ ಎಡಗಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿನೊಂದಿಗೆ ಬೀದಿಗೆ ಮರಳಿದೆ. ತಾಯಿಯವರಿಗೆ 28ನೇ ದಿನದ ಲಸಿಕೆಯೂ ಆಯಿತು.