ದೋಣಿಯ ಬ್ಯಾಟರಿಗೆ ಎಂಜಿನ್ ಚಾರ್ಜಾ, ಸೋಲಾರಾ?

ಲೆಕ್ಕ ಮೊದಲು. ಮೀನು ಪತ್ತೆಹಚ್ಚುವ ಫಿಶ್ ಫೈಂಡರ್, ಎಲ್‌ಇಡಿ ದೀಪ, ಪುಟ್ಟ ಫ್ರಿಜ್ ಸೇರಿ ಸರಾಸರಿ 4 ಆಂಪ್ ಎಳೆಯುತ್ತವೆ ಅಂದುಕೊಳ್ಳಿ. 8 ಗಂಟೆಗೆ 32 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದ್ದು). 100 ಆಂಪ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧದಷ್ಟು ಮಾತ್ರ ಬಳಸುವುದು ಒಳ್ಳೆಯದು.

ದೋಣಿಯ ಹಿಂಬದಿಗೆ ಕೂರಿಸುವ ಸಣ್ಣ ಔಟ್‌ಬೋರ್ಡ್ ಎಂಜಿನ್ 6ರಿಂದ 12 ಆಂಪ್ ಕೊಡುತ್ತದೆ, ಅದೂ ಜೋರಾಗಿ ಓಡಿದಾಗ. ಗಾಳ ಹಾಕಿ ನಿಧಾನಕ್ಕೆ ತೇಲುವಾಗ ಬರುವುದು ಚೂರುಪಾರು. ಸುಮ್ನೆ ಚಾರ್ಜಿಗಾಗಿ ಪೆಟ್ರೋಲ್ ಸುಡುವುದು ದಂಡ, ಸದ್ದು ಬೇರೆ! ದಿನಕ್ಕೆ ಮೂರ್ನಾಲ್ಕು ಗಂಟೆ ವೇಗವಾಗಿ ಓಡಾಡುವವರಿಗೆ ಮಾತ್ರ ಇದು ಸಾಕು.

100 ವ್ಯಾಟ್ ಸೋಲಾರ್ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ 5 ಆಂಪ್, ದಿನಕ್ಕೆ ಸುಮಾರು 25 ಆಂಪ್-ಅವರ್ ಕೊಡುತ್ತದೆ. ಲಂಗರು ಹಾಕಿ ಕೂತರೂ ಚಾರ್ಜ್ ಆಗುತ್ತದೆ, ಅಲ್ವಾ? ಆದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಬೇಕೇ ಬೇಕು. ಮೇಲ್ಚಾವಣಿಯ ನೆರಳು ಪ್ಯಾನೆಲ್‌ನ ಮೂಲೆಗೆ ಬಿದ್ದರೂ ಕರೆಂಟು ತುಂಬಾ ಇಳಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ನೆಚ್ಚಿಕೊಳ್ಳಬೇಡಿ.

ವಾರಾಂತ್ಯಕ್ಕಷ್ಟೇ ಹೋಗುವವರಿಗೆ ನಾನು ಸೋಲಾರನ್ನೇ ಹೇಳುತ್ತೇನೆ. ದಡದಲ್ಲಿ ಪ್ಲಗ್ ಸಿಕ್ಕರೆ 10 ಆಂಪ್ ಚಾರ್ಜರ್ ಒಂದೇ ರಾತ್ರಿಯಲ್ಲಿ ಬಾಕಿ ತುಂಬುತ್ತದೆ. ಯಾವುದೇ ಇರಲಿ, ಎಂಜಿನ್ ಸ್ಟಾರ್ಟ್ ಮಾಡುವ ಸ್ಟಾರ್ಟರ್ ಬ್ಯಾಟರಿ ಬೇರೆಯೇ ಇರಲಿ. ಫ್ರಿಜ್ ತಣ್ಣಗಿದ್ದು ಎಂಜಿನ್ ಏಳದಿದ್ದರೆ ಹುಟ್ಟು ಹಾಕುವವರು ನೀವೇ.