ನೋಡಿ ಬರೆ, ಚಿತ್ರಕ್ಕೆ ಬರೆ, ಹೇಳಿ ಬರೆ: ಒಂದೇ ತರಗತಿಯಲ್ಲಿ ಮೂರು ದಾರಿ

ಹಸುವಿನ ಬಗ್ಗೆ 5 ಸಾಲು ಬರೆಯಿರಿ ಅಂದಿದ್ದೆ. ಮೂರನೇ ತರಗತಿಯ 19 ಮಕ್ಕಳಲ್ಲಿ 14 ಮಂದಿ ಬರೆದದ್ದು ಒಂದೇ: 'ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ಹಾಲು ಕೊಡುತ್ತದೆ.' ಹಿಂದಿನ ರಾತ್ರಿಯಷ್ಟೇ ಮನೆಯಲ್ಲಿ ಹಸು ಕರು ಹಾಕಿದ್ದ ಹುಡುಗನೂ ನಾಲ್ಕು ಕಾಲುಗಳನ್ನೇ ಎಣಿಸಿದ್ದ. ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲುವ ಮೊದಲು ಅದೇ ಕರುವಿನ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದವನೂ ಅವನೇ. ಬಾಯಲ್ಲಿದ್ದದ್ದು ಪುಸ್ತಕಕ್ಕೆ ಬರುವ ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಅಂತ ಆ ವರ್ಷವೆಲ್ಲ ಹುಡುಕಿದೆ.

ಮೊದಲು ನಾವೆಲ್ಲ ಬೆಳೆದ ದಾರಿ. ಬೋರ್ಡ್ ಮೇಲೆ ಬರೆಯುವುದು, ಮಕ್ಕಳು ನೋಡಿ ಬರೆಯುವುದು, ಸಂಜೆ ಒಂದು ಪುಟ ಕಾಪಿ. ಇದನ್ನು ಹಳಿಯುವುದು ಈಗ ಫ್ಯಾಷನ್ನು. ಆದರೆ ಅಕ್ಷರ ದುಂಡಗಾಗುವುದು, ಗೆರೆಯ ಮೇಲೆ ಕೂರುವುದು, ಒತ್ತಕ್ಷರವನ್ನು ಎಲ್ಲಿಗೆ ತೂಗುಹಾಕಬೇಕೆಂದು ಕೈಗೆ ಗೊತ್ತಾಗುವುದು ಇದರಿಂದಲೇ. ಮನೆಯವರಿಗೂ ಪುಟ ತುಂಬಿದ್ದು ಕಂಡರೆ ಸಮಾಧಾನ. ಒಂದು ದಿನ ಬೇಕೆಂದೇ 'ಹಸು ಮೊಟ್ಟೆ ಇಡುತ್ತದೆ' ಅಂತ ಬರೆದು ಸುಮ್ಮನೆ ಕೂತೆ. ಮುಕ್ಕಾಲು ತರಗತಿ ಮುತ್ತಿನಂಥ ಅಕ್ಷರದಲ್ಲಿ ಅದನ್ನು ಇಳಿಸಿಕೊಂಡಿತು. ಕೈ ಬರೆಯುತ್ತಿತ್ತು, ತಲೆ ಆಟದ ಬಯಲಿನಲ್ಲಿತ್ತು.

ಎರಡನೆಯದು ಚಿತ್ರ ಕೊಟ್ಟು, ಪಕ್ಕದಲ್ಲಿ ಆರೇಳು ಪದ ಕೊಟ್ಟು ಬರೆಸುವುದು. ನಲಿಕಲಿ, ಅಂದರೆ ಸರ್ಕಾರಿ ಶಾಲೆಗಳ ಆಡಿ-ಮಾಡಿ ಕಲಿಯುವ ಪದ್ಧತಿಯಿಂದ ಬಂದ ಮಕ್ಕಳಿಗೆ ಇದು ಸಲೀಸು. ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಶಿಕ್ಷಕರು 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುಮಾಡಿದ್ದು, 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ಅಲ್ಲಿ ಅ ಆ ಇ ಈ ಸಾಲಿಗೆ ಕಾಯುವುದಿಲ್ಲ. ಮೊದಲು ರ, ಗ, ಸ, ದ, ಅ. ಆ ಐದೇ ಅಕ್ಷರದಲ್ಲಿ ಸರ, ದರ, ಅಗಸ, ಅರಸ ಎಲ್ಲ ಮಗುವಿನ ಕೈಗೆ ಬಂದುಬಿಡುತ್ತವೆ. ಹಾಗಾಗಿ ಪದ ಕಂಡರೆ ಹೆದರಿಕೆಯಿಲ್ಲ. ನನ್ನ ತೊಂದರೆ ಬೇರೆ. ಜಾತ್ರೆಯ ಚಿತ್ರ ಕೊಟ್ಟರೆ 'ಮರ ಇದೆ. ತೇರು ಇದೆ. ಬಲೂನು ಇದೆ.' ಬರೀ ಇದೆ, ಇದೆ, ಇದೆ. ಅಂಗಡಿಯ ಸಾಮಾನಿನ ಚೀಟಿ ಓದಿದ ಹಾಗೆ. ಆಮೇಲೆ ಚಿತ್ರ ಬದಲಿಸಿದೆ: ಒಡೆದ ಬಿಂದಿಗೆ, ಪಕ್ಕದಲ್ಲಿ ಚೆಂಡು, ಬಾಗಿಲಲ್ಲಿ ನಿಂತ ಅಜ್ಜಿ. ಆಗ 'ಅಜ್ಜಿ ಬೈತಾರೆ ಅಂತ ಓಡಿದ' ಅನ್ನುವಂಥ ಸಾಲು ಬಂತು. ಏನೋ ಆಗಿಹೋಗಿರುವ ಚಿತ್ರ ಬೇಕು, ಎಲ್ಲವೂ ಅದರದರ ಜಾಗದಲ್ಲಿ ಇರುವ ಚಿತ್ರವಲ್ಲ.

ಮೂರನೆಯದಕ್ಕೆ ನಾನು ಮನಸೋತಿದ್ದೇನೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಮೊದಲ ದಿನ ಪೆನ್ಸಿಲ್ ಮುಟ್ಟುವ ಹಾಗಿಲ್ಲ. ಜೋಡಿಯಾಗಿ ಕೂತು ಒಬ್ಬರಿಗೊಬ್ಬರು ಹೇಳಬೇಕು. ಎರಡನೇ ದಿನ ಹೇಳಿದ್ದನ್ನೇ ಬರೆಯಬೇಕು, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ. ತಪ್ಪು ಹುಡುಕುವುದಿಲ್ಲ ಅಂತ ನನ್ನ ಮಾತು. ಮೂರನೇ ದಿನ ಜೊತೆಯವರಿಗೆ ಓದಿ, ಖಾಲಿ ಗೆರೆಯಲ್ಲಿ ತಿದ್ದಿಕೊಳ್ಳುವುದು. ನಾಲ್ಕನೇ ದಿನ ಶುದ್ಧಪ್ರತಿ. ಹೌದು, 5 ಸಾಲಿಗೆ 4 ದಿನ!

ಇದರಲ್ಲಿ ನನಗೆ ಕಷ್ಟವಾಗಿದ್ದು ಕೆಂಪು ಪೆನ್ನನ್ನು ಚೀಲದಲ್ಲೇ ಬಿಡುವುದು. ನಮ್ಮ ಕಡೆ ಹಕಾರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಹಾಲು 'ಆಲು', ಹೂವು 'ಊವು'. ಮಗು ತನ್ನ ಕಿವಿಗೆ ಕೇಳಿದ್ದನ್ನು ನಿಷ್ಠೆಯಿಂದ ಬರೆದಿರುತ್ತದೆ, ಅದನ್ನು ಹೇಗೆ ತಪ್ಪು ಅನ್ನಲಿ? ಮೂರನೇ ದಿನ ಒಂದೇ ಒಂದು ವಿಷಯ ತಿದ್ದಿಸುತ್ತೇನೆ. ಒಂದು ವಾರ ಒತ್ತಕ್ಷರ, ಇನ್ನೊಂದು ವಾರ ಅ-ಹ. ಅದೂ ಬಹಳ ಸಲ ನಾನಲ್ಲ. ಒಬ್ಬ ಹುಡುಗ ಅಪ್ಪನನ್ನು 'ಅಪ' ಅಂತ ಬರೆದಿದ್ದ. 'ಅಪ ಅಂದ್ರೆ ಯಾರೋ?' ಅಂತ ಜೊತೆಯ ಹುಡುಗಿ ಕೇಳಿದಳು, ಅವನು ನಾಲಿಗೆ ಕಚ್ಚಿಕೊಂಡು ಪ ಒತ್ತು ಸೇರಿಸಿದ. ಹತ್ತು ಸಲ ಇಂಪೊಸಿಷನ್ ಬರೆಸಿದ್ದರೂ ಅಷ್ಟು ಬೇಗ ಹತ್ತುತ್ತಿರಲಿಲ್ಲ.

ಸೋತದ್ದೂ ಉಂಟು. ಕಾಗುಣಿತವೇ ಹಿಡಿತಕ್ಕೆ ಸಿಗದ 4 ಮಕ್ಕಳು ಎರಡನೇ ದಿನ ಪೆಚ್ಚಾಗಿ ಕೂತರು. ಅವರು ಹೇಳಿದ್ದನ್ನು ನಾನೇ ಬರೆದುಕೊಟ್ಟೆ, ತಮ್ಮದೇ ಮಾತನ್ನು ನೋಡಿ ಬರೆದರು. ನೋಡಿ ಬರೆಯುವುದಕ್ಕೂ ಮರ್ಯಾದೆ ಬಂದದ್ದು ಅಲ್ಲಿ. ಒಬ್ಬಳೇ ಟೀಚರ್, ಎರಡು ತರಗತಿ ಇರುವ ಶಾಲೆಯಲ್ಲಿ ವಾರವೆಲ್ಲ ಇದನ್ನೇ ಮಾಡುತ್ತೇನೆ ಅಂದರೆ ಗಣಿತಕ್ಕೆ ಯಾರು ಗತಿ? ಮೇಲಾಗಿ ಒಬ್ಬ ಹುಡುಗಿಯ ತಂದೆ ಪುಸ್ತಕ ಹಿಡಿದು ಬಂದರು. 'ಮಿಸ್, ಇಷ್ಟೊಂದು ತಪ್ಪು ಅದೆ, ನೀವು ನೋಡೇ ಇಲ್ವಲ್ಲ?' ಅವತ್ತಿನಿಂದ ಎರಡು ಪುಸ್ತಕ. ರಫ್ ಶಾಲೆಯಲ್ಲಿ, ಶುದ್ಧಪ್ರತಿ ಮನೆಗೆ.

ಉಕ್ತಲೇಖನದ ಬಗ್ಗೆ ಕೇಳುತ್ತೀರಿ. ಅದು ಪರೀಕ್ಷೆ, ಪಾಠವಲ್ಲ. ಆದರೆ ಈಗ ಮಕ್ಕಳೇ ಬರೆದ ಸಾಲುಗಳನ್ನು ಹೇಳಿ ಬರೆಸುತ್ತೇನೆ. ತನ್ನ ಸಾಲು ಬಂದಾಗ ಒಬ್ಬೊಬ್ಬರ ಮುಖ ನೋಡಬೇಕು.

ಸದ್ಯ ಸೋಮವಾರ ಅರ್ಧ ಗಂಟೆ ಕಾಪಿ, ಎರಡನೇ ತರಗತಿಯವರಿಗೆ ಚಿತ್ರ, ಮೂರನೆಯವರಿಗೆ ಹದಿನೈದು ದಿನಕ್ಕೊಮ್ಮೆ ಹೇಳಿ ಬರೆಯುವುದು. ಒಂದನ್ನೇ ಇಟ್ಟುಕೋ ಅಂದರೆ ಹೇಳಿ ಬರೆಯುವುದನ್ನೇ ಇಟ್ಟುಕೊಳ್ಳುತ್ತೇನೆ, ಅಕ್ಷರ ಸ್ವಲ್ಪ ಸೊಟ್ಟಗಾದರೂ ಸರಿ.

ಹೇಳಿ ಬರೆದಾಗ ಆ ಹಸುವಿನ ಹುಡುಗ ಬರೆದದ್ದು ಹೀಗಿತ್ತು: 'ರಾತ್ರಿ ನಮ್ಮ ಅಸು ಕರ ಆಕ್ತು. ಅಪ ಬ್ಯಾಟ್ರಿ ಇಡಿ ಅಂತು. ನಾನು ಇಡಕಂಡೆ. ಕರ ಬಿದ್ ಬಿದ್ ಎದ್ತು.' ಶುದ್ಧಪ್ರತಿಗೆ ಹಸು, ಕರು, ಅಪ್ಪ, ಹಿಡಿ, ಎಲ್ಲಕ್ಕೂ ತಲೆಯಾಡಿಸಿದ. 'ಬಿದ್ದು ಬಿದ್ದು ಎದ್ದಿತು' ಅಂತ ಬರೀ ಅಂದದ್ದಕ್ಕೆ ಮಾತ್ರ ಒಪ್ಪಲಿಲ್ಲ.

'ಅದು ಅಂಗೇ ಎದ್ದಿದ್ದು ಮಿಸ್' ಅಂದ.

ಹಾಗೇ ಬಿಟ್ಟೆ.