ಎದುರುಬದುರು ಬಾಗಿಲೋ, ಒಂದೇ ಬದಿಗೆ ಎರಡು ಬಾಗಿಲೋ? ಕಿರಾಣಿ ಗೋದಾಮಿನ ಒಂದು ಹೋಲಿಕೆ

ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಬಿಸ್ಕತ್ತು ಹಂಚುವ ವ್ಯಾಪಾರ ನಮ್ಮದು. ಎರಡು ಬಾಡಿಗೆ ಗೋದಾಮುಗಳಲ್ಲಿ ಎರಡು ಥರದ ಜೋಡಣೆ ನಡೆಸಿ ನೋಡಿದ್ದೇನೆ. ಮೊದಲನೆಯದರಲ್ಲಿ ಲಾರಿ ಮುಂಬಾಗಿಲಲ್ಲಿ ಮಾಲು ಇಳಿಸುತ್ತಿತ್ತು, ಅಂಗಡಿಗಳಿಗೆ ಹೋಗುವ ಟಾಟಾ ಏಸ್ ಹಿಂಬಾಗಿಲಲ್ಲಿ ತುಂಬಿಕೊಳ್ಳುತ್ತಿತ್ತು. ಎರಡನೆಯದರಲ್ಲಿ ಇಳಿಸೋದು, ತುಂಬೋದು ಎರಡೂ ಒಂದೇ ಬದಿ. ಮಾಲು ಒಳಗೆ ಹೋಗಿ, ತಿರುಗಿ ಅದೇ ಬದಿಗೆ ಬರುತ್ತದೆ. ನಮ್ಮಂಥ ವ್ಯಾಪಾರಕ್ಕೆ ನನ್ನ ಆಯ್ಕೆ ಈ ಎರಡನೆಯದೇ.

ಹಾಗಂತ ಮೊದಲನೆಯ, ಎದುರುಬದುರು ಬಾಗಿಲಿನ ನೇರ ಜೋಡಣೆ ಕೆಟ್ಟದ್ದಲ್ಲ. ಒಂದು ಕಡೆ ಒಟ್ಟಿ ಇನ್ನೊಂದು ಕಡೆ ತೆಗೆದರೆ ಹಳೆ ಮಾಲು ತಾನಾಗಿಯೇ ಮೊದಲು ಹೊರಗೆ ಹೋಗುತ್ತದೆ. ಯಾರೂ ತಾರೀಖು ಹುಡುಕುತ್ತಾ ನಿಲ್ಲಬೇಕಿಲ್ಲ. ನಾಲ್ಕೈದೇ ಬಗೆಯ ಮಾಲು, ಬರೋದೂ ಲಾರಿಗಟ್ಟಲೆ, ಹೋಗೋದೂ ಲಾರಿಗಟ್ಟಲೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕಿರಾಣಿಯಲ್ಲಿ ನೂರಾರು ಬಗೆ. ದಿನಾ ಹೋಗುವ ಉಪ್ಪು, ಸಕ್ಕರೆಯೂ ಗೋದಾಮಿನ ಪೂರ್ತಿ ಉದ್ದ ದಾಟಬೇಕು, ಅಪರೂಪಕ್ಕೆ ಹೋಗುವ ಏಲಕ್ಕಿಯೂ ದಾಟಬೇಕು. ಐವತ್ತು ಕೆಜಿ ಚೀಲ ಬೆನ್ನ ಮೇಲಿದ್ದಾಗ ಆ ದೂರ ಏನು ಅಂತ ಹಮಾಲರನ್ನೇ ಕೇಳಬೇಕು.

ಒಂದೇ ಬದಿಯ ಜೋಡಣೆಯಲ್ಲಿ ಉಪ್ಪು, ಸಕ್ಕರೆ, ಎಣ್ಣೆ ಬಾಗಿಲ ಪಕ್ಕದಲ್ಲೇ. ಏಲಕ್ಕಿ, ಲವಂಗ ಒಳಮೂಲೆಯಲ್ಲಿ. ಬೆಳಿಗ್ಗೆ ಲಾರಿ ಇಳಿಸಿದ ಆಳುಗಳೇ ಆಮೇಲೆ ಗಾಡಿ ತುಂಬುತ್ತಾರೆ, ಬಿಲ್ ಬರೆಯಲು ಒಂದೇ ಮೇಜು ಸಾಕು. ಇಲಿ, ಹೆಗ್ಗಣ ನುಗ್ಗದಂತೆ ಕಾಯಬೇಕಾದ್ದೂ ಒಂದೇ ಬದಿ. ತೊಂದರೆ ಎಂದರೆ ಬಾಗಿಲಲ್ಲಿ ಗದ್ದಲ. ಲಾರಿಗೂ ಗಾಡಿಗೂ ಬೇರೆ ಬೇರೆ ಹೊತ್ತು ಗೊತ್ತು ಮಾಡದಿದ್ದರೆ ಎರಡೂ ಕೆಲಸ ಕೆಡುತ್ತವೆ. ಗಾಳಿಯೂ ಕಡಿಮೆ. ಎದುರುಬದುರು ಬಾಗಿಲಿದ್ದಾಗ ಗಾಳಿ ಸಲೀಸಾಗಿ ಹಾಯುತ್ತಿತ್ತು, ಇಲ್ಲಿ ಚಾವಣಿಗೆ ಗಾಳಿಯಿಂದಲೇ ತಿರುಗುವ ಟರ್ಬೊ ಫ್ಯಾನ್ ಕೂರಿಸಬೇಕಾಯಿತು. ಅದಕ್ಕೆ ಕರೆಂಟು ಬೇಡ, ಅದೇ ಸಮಾಧಾನ.

ಇನ್ನು ರ‍್ಯಾಕೋ, ನೆಲದ ಮೇಲೆ ಚೀಲದ ಮೇಲೆ ಚೀಲ ಒಟ್ಟುವ ನಿಟ್ಟೋ? ಇಲ್ಲಿ ನಾನು ಎರಡನ್ನೂ ಉಳಿಸಿಕೊಂಡಿದ್ದೇನೆ. ಅಕ್ಕಿ, ಗೋಧಿ ಚೀಲಕ್ಕೆ ಮರದ ಪ್ಯಾಲೆಟ್, ಅಂದರೆ ಮಾಲು ಇಡುವ ಹಲಗೆ ಮಣೆ, ಅದರ ಮೇಲೆ ನಿಟ್ಟು ಹಾಕೋದೇ ಸರಿ. ಬಿಸ್ಕತ್ತು, ಹಿಟ್ಟಿನ ಪ್ಯಾಕೆಟ್ಟುಗಳ ಪೆಟ್ಟಿಗೆ ಒಂದರ ಮೇಲೊಂದು ಏರಿದರೆ ಕೆಳಗಿನದು ಅಪ್ಪಚ್ಚಿ, ಅವಕ್ಕೆ ರ‍್ಯಾಕ್ ಬೇಕೇ ಬೇಕು. ಆದರೆ ರ‍್ಯಾಕ್ ಮಾರುವವರು ಜಾಗ ಉಳಿಯುತ್ತೆ ಅಂತ ಡ್ರೈವ್-ಇನ್ ರ‍್ಯಾಕ್ ತೋರಿಸುತ್ತಾರೆ. ಮಾಲು ಎತ್ತಿ ಇಡುವ ಗಾಡಿ, ಫೋರ್ಕ್‌ಲಿಫ್ಟ್, ಒಂದೇ ಕಡೆಯಿಂದ ಒಳಗೆ ಹೋಗಿ ಇಟ್ಟು ಬರುವ ಬಗೆ ಅದು. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ, ಮೊದಲು ಬಂದದ್ದು ಹಿಂದೆಯೇ ಕೂತು ತಾರೀಖು ಮುಗಿಸಿಕೊಳ್ಳುತ್ತದೆ. ತಿನ್ನುವ ಮಾಲಿಗೆ ಅದು ಬೇಡವೇ ಬೇಡ. ಪ್ರತಿ ಪ್ಯಾಲೆಟ್ಟೂ ನೇರವಾಗಿ ಕೈಗೆಟುಕುವ ಸಾಮಾನ್ಯ ರ‍್ಯಾಕ್ ಜಾಗ ಜಾಸ್ತಿ ತಿಂದರೂ ಪರವಾಗಿಲ್ಲ. ಎಸೆಯುವ ಮಾಲು ಕಡಿಮೆಯಾದರೆ ಅದೇ ದೊಡ್ಡ ಉಳಿತಾಯ ಅಲ್ವಾ?

ಎರಡೂ ಗೋದಾಮಿನಲ್ಲಿ ನಾನು ಬಿಡದ ಒಂದು ನಿಯಮವಿದೆ. ಗೋಡೆಗೂ ನಿಟ್ಟಿಗೂ ನಡುವೆ ಎರಡೂವರೆ ಅಡಿ ಖಾಲಿ. ನಾವೇ ಬಾಡಿಗೆ ಕಟ್ಟುವ ಜಾಗ ಸುಮ್ನೆ ಬಿಡಬೇಕಾ ಅಂತ ಕೇಳುವವರಿದ್ದಾರೆ. ಬ್ಯಾಟರಿ ಹಿಡಿದು ಆ ಸಂದಿಯಲ್ಲಿ ನಡೆದು ನೋಡಿ. ಕಡೆಯ ಚೀಲದ ಕೆಳಗೆ ಉದುರಿದ ಹಿಟ್ಟಿನಂಥ ಪುಡಿ ಕಂಡರೆ ಹುಳ ಹತ್ತಿದೆ ಎಂದರ್ಥ. ಗೋಡೆ ಬುಡದಲ್ಲಿ ಇಲಿ ಹಿಕ್ಕೆ ಇದ್ದರೆ ಅದೂ ಕಾಣುತ್ತದೆ. ಹುಳಕ್ಕೆ ಔಷಧಿ ಹೊಗೆ ಹಾಕುವಾಗ ನಿಟ್ಟಿನ ಸುತ್ತ ಹೊದಿಕೆ ನೆಲದವರೆಗೂ ಇಳಿಬಿಟ್ಟು, ಅಂಚಿಗೆ ಮರಳಿನ ಚೀಲ ಇಡಬೇಕು. ಗೋಡೆಗೆ ಅಂಟಿಸಿ ಒಟ್ಟಿದರೆ ಅದು ಆಗದ ಮಾತು.

ಬೆಳಕಿನ ವಿಷಯಕ್ಕೆ ಬಂದರೆ, ಚಾವಣಿಯಲ್ಲಿ ಅಲ್ಲಲ್ಲಿ ಬೆಳಕು ಬಿಡುವ ಶೀಟ್ ಹಾಕಿಸಿದರೆ ಹಗಲು ಲೈಟೇ ಬೇಡ. ಹೊಸ ಗೋದಾಮಿನಲ್ಲಿ ಅವನ್ನು ಓಡಾಡುವ ದಾರಿಯ ಮೇಲೆ ಮಾತ್ರ ಹಾಕಿಸಿದ್ದೇವೆ, ಮಾಲಿನ ಮೇಲೆ ಅಲ್ಲ. ಬಿಸಿಲು ಬೀಳುವ ಕಡೆ ಎಣ್ಣೆ ಇಟ್ಟರೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಉಳಿದ ಚಾವಣಿಗೆ ಬಿಳಿ ಬಣ್ಣ ಹೊಡೆಸಿ. ಏಪ್ರಿಲ್‌ನಲ್ಲಿ ಒಳಗೆ ಕಾಲಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ.